ಹಳೇ ಬೈಕನ್ನು ಟೆಂಪೋದಲ್ಲಿ ತರಬೇಡಿ, ಓಡಿಸ್ಕೊಂಡು ಬನ್ನಿ

ಹಳೇ ಬೈಕುಗಳ ಹಬ್ಬಕ್ಕೆ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಬರೋದು ನನಗೆ ಸರಿ ಅನ್ನಿಸಲ್ಲ. ಓಡೋ ಸ್ಥಿತಿಯಲ್ಲಿರೋ ಗಾಡಿ ಆದ್ರೆ ಓಡಿಸ್ಕೊಂಡೇ ಬರಬೇಕು. ಇದನ್ನ ಓದಿ "ಇವನಿಗೇನು ಬಂತು, ಯಾರ ಗಾಡಿ ಯಾರು ಹೆಂಗಾದ್ರೂ ತರ್ಲಿ" ಅಂತ ನೀವು ಹೇಳಬಹುದು. ಆದ್ರೆ ಇದು ಶೋಕಿಯ ಪ್ರಶ್ನೆ ಅಲ್ಲ. ಓಡಿಸೋದು ನಿಂತ ದಿನ ಆ ಗಾಡಿ ಬಗ್ಗೆ ಗೊತ್ತಿರೋ ವಿದ್ಯೆನೂ ನಿಂತುಹೋಗುತ್ತೆ. ಆ ವಿದ್ಯೆ ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಇಲ್ಲ. ಅದು ಕೆಲವು ವಯಸ್ಸಾದ ಮೆಕ್ಯಾನಿಕ್‌ಗಳ ಕೈಯಲ್ಲಿದೆ, ಅದೂ ಕನ್ನಡದಲ್ಲಿದೆ.

ನಾನು ಹೇಳ್ತಿರೋದು ಜಾವಾ ಮತ್ತು ಯೆಜ್ಡಿ ಬೈಕುಗಳ ವಿಷಯ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ-ಯೆಜ್ಡಿ ದಿನ ಅಂತ ಆಚರಿಸ್ತಾರೆ. ಬೆಂಗಳೂರು, ಮೈಸೂರಲ್ಲಿ ಅವತ್ತು ಈ ಬೈಕುಗಳು ಸಾಲಾಗಿ ಬಂದು ನಿಲ್ತವೆ. ಮೆರೂನ್ ಬಣ್ಣ, ಕ್ರೋಮ್ ಹೊಳಪಿನ ಟ್ಯಾಂಕ್, ಎರಡು ಕಡೆ ಎರಡು ಸೈಲೆನ್ಸರ್, ಒಟ್ಟಿಗೆ ಸ್ಟಾರ್ಟ್ ಮಾಡಿದ್ರೆ ಬರೋ ಆ ಸದ್ದು ಮತ್ತು ಹೊಗೆ. ಇನ್‌ಸ್ಟಾದಲ್ಲಿ ರೀಲ್ ನೋಡಿರ್ತೀರ.

ಈ ಬೈಕ್ ನಮ್ಮೂರದ್ದು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಯಾನೆಚೆಕ್ ಅನ್ನೋ ಇಂಜಿನಿಯರ್ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡರು. ಯಾನೆಚೆಕ್‌ನ ಜಾ, ವಾಂಡರರ್‌ನ ವಾ ಸೇರಿ ಜಾವಾ ಆಯ್ತು. ಇರಾನಿ ಕುಟುಂಬದವರು ಐಡಿಯಲ್ ಜಾವಾ ಅನ್ನೋ ಕಂಪನಿ ಕಟ್ಟಿ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಫ್ಯಾಕ್ಟರಿ ತೆರೆದ್ರು. 1973ರಿಂದ ಯೆಜ್ಡಿ ಅನ್ನೋ ಹೆಸರಲ್ಲಿ ಬೈಕುಗಳು ಹೊರಬಂದವು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 2018ರಲ್ಲಿ ಜಾವಾ ಮತ್ತೆ ಬಂತು, 2022ರಲ್ಲಿ ಯೆಜ್ಡಿನೂ ಬಂತು. ಆದ್ರೆ ಈಗ ಅದು ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲ್ಡ್. ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಚೆನ್ನಾಗೇ ಇದೆ, ನನಗೇನೂ ಕೋಪ ಇಲ್ಲ. ಆದ್ರೆ ಮೈಸೂರಲ್ಲಿ ತಯಾರಾದ ಟೂ ಸ್ಟ್ರೋಕ್ ಗಾಡಿ ಇನ್ನು ಹೊಸದಾಗಿ ಬರಲ್ಲ. ಇರೋದಷ್ಟೇ.

ನಮ್ಮ ಊರು ಶ್ರೀಮಂಗಲ. ದಕ್ಷಿಣ ಕೊಡಗು, ಗೋಣಿಕೊಪ್ಪದಿಂದ ಕುಟ್ಟಕ್ಕೆ ಹೋಗೋ ದಾರಿಯಲ್ಲಿ ಸಿಗುತ್ತೆ. ಇರ್ಪು ಫಾಲ್ಸ್‌ಗೆ ಹೋದವರು ನಮ್ಮೂರು ದಾಟಿಯೇ ಹೋಗಿರ್ತೀರ. ನಮ್ಮ ಕಡೆ ಯೆಜ್ಡಿ ಅಂದ್ರೆ ವಿಂಟೇಜ್ ಅಲ್ಲ, ಗಾಡಿ ಅಷ್ಟೇ. ನಮ್ಮ ದೊಡ್ಡಪ್ಪನ ಹತ್ರ 1979ರ ಯೆಜ್ಡಿ ಇದೆ. ಅದರಲ್ಲಿ ಗೊಬ್ಬರದ ಮೂಟೆ ಬಂದಿದೆ, ಕರಿಮೆಣಸಿನ ಚೀಲ ಹೋಗಿದೆ, ನನ್ನ ಅಪ್ಪ ಶಾಲೆಗೆ ಹೋಗಿದ್ದಾರೆ. ತೋಟದ ಏರು ದಾರಿ, ಕೆಸರು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ, ಎಲ್ಲದರಲ್ಲೂ ಓಡಿದೆ. ಇವತ್ತೂ ಓಡುತ್ತೆ.

ಜಾವಾ ದಿನ ಬರೋದು ಜುಲೈನಲ್ಲಿ. ಕೊಡಗಿನಲ್ಲಿ ಜುಲೈ ಅಂದ್ರೆ ಗೊತ್ತಲ್ಲ! ಹೋದ ವರ್ಷ ನಾನೂ ದೊಡ್ಡಪ್ಪನೂ ಆ ಗಾಡಿಯಲ್ಲೇ ಮೈಸೂರಿಗೆ ಹೋದ್ವಿ. ಪೊನ್ನಂಪೇಟೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾರಿ, ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ತಿತಿಮತಿ ದಾಟಿ ಸ್ವಲ್ಪ ದೂರ ಹೋಗೋದ್ರೊಳಗೆ ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯ್ತು. ಸುತ್ತ ಕಾಡು, ಮೇಲೆ ಮಳೆ.

"ಎಂತ ಆಯ್ತು ದೊಡ್ಡಪ್ಪ?" ಅಂದೆ.

"ಎಂತದೂ ಇಲ್ಲ. ಪಾಯಿಂಟಿಗೆ ನೀರು ಹೋಗಿರ್ಬೇಕು. ಕೊಡೆ ಹಿಡಿ ನೀನು."

ನಾನು ಕೊಡೆ ಹಿಡಿದೆ. ಅವರು ಬದಿಯ ಕವರ್ ಬಿಚ್ಚಿ, ಕಾಂಟ್ಯಾಕ್ಟ್ ಪಾಯಿಂಟ್ ಒರೆಸಿ, ಸಿಗರೇಟ್ ಪ್ಯಾಕಿನ ಒಳಗೆ ಇರುತ್ತಲ್ಲ ತೆಳು ಹಾಳೆ, ಅದನ್ನ ಎರಡು ಪಾಯಿಂಟಿನ ಮಧ್ಯೆ ಸಿಕ್ಕಿಸಿದ್ರು. ಆಮೇಲೆ ಇಂಜಿನ್ ಮೆಲ್ಲಗೆ ತಿರುಗಿಸ್ತಾ ಹಾಳೆಯನ್ನ ಬೆರಳಲ್ಲಿ ಎಳೀತಾ ಇದ್ರು. ಹಾಳೆ ಸಡಿಲ ಆದ ಆ ಕ್ಷಣವೇ ಪಾಯಿಂಟ್ ತೆರೆಯೋ ಕ್ಷಣ, ಅಂದ್ರೆ ಸ್ಪಾರ್ಕ್ ಬರೋ ಕ್ಷಣ. ಇಗ್ನಿಷನ್ ಟೈಮಿಂಗ್ ಅಂತ ನಾವು ಎಕ್ಸಾಮಿಗೆ ಡೆಫಿನಿಷನ್ ಬರೀತೀವಲ್ಲ, ಅದನ್ನ ಅವರು ಮಳೆಯಲ್ಲಿ ಬೆರಳಲ್ಲಿ ಹಿಡಿದು ತೋರಿಸಿದ್ರು. ಪ್ಲಗ್ ತೆಗೆದು ಒಣಗಿಸಿ ಹಾಕಿ ಎರಡು ಕಿಕ್ ಹೊಡೆದ್ರು, ಸ್ಟಾರ್ಟ್ ಆಯ್ತು. ಒಟ್ಟು ಇಪ್ಪತ್ತು ನಿಮಿಷ.

ಮೈಸೂರು ತಲುಪಿದ ಮೇಲೆ ನೋಡಿದ್ರೆ, ಕೆಲವು ಗಾಡಿಗಳು ಟೆಂಪೋದಿಂದ ಇಳೀತಾ ಇದ್ವು. ಒಂದು ಹನಿ ಕೆಸರಿಲ್ಲ, ಕನ್ನಡಿ ಥರ ಹೊಳೀತಾ ಇದ್ವು. ಜನ ಸೆಲ್ಫಿಗೆ ಮುಗಿಬಿದ್ದಿದ್ದು ಅವುಗಳ ಹತ್ರವೇ. ನಮ್ಮ ಗಾಡಿ ಪಕ್ಕ ನಿಂತವರು ಮೂರ್ನಾಲ್ಕು ಜನ ಹಳಬರು. ಅವರು ಫೋಟೋ ತೆಗೀಲಿಲ್ಲ. "ಲೀಟರಿಗೆ ಎಷ್ಟು ಆಯಿಲ್ ಹಾಕ್ತೀರಿ?" "ನಲವತ್ತು ಎಂಎಲ್." "ಏರಲ್ಲಿ ಬಿಸಿ ಆಗಲ್ವಾ?" ಅರ್ಧ ಗಂಟೆ ಇದೇ ಮಾತು. ಆ ಅರ್ಧ ಗಂಟೆಯಲ್ಲಿ ನಾನು ಟೂ ಸ್ಟ್ರೋಕ್ ಬಗ್ಗೆ ಕಲಿತಷ್ಟು ಕ್ಲಾಸಲ್ಲಿ ಕಲಿತಿರಲಿಲ್ಲ. ಇದು ನಮ್ಮ ಲೆಕ್ಚರರ್‌ಗಳ ಮೇಲಿನ ದೂರಲ್ಲ. ಸಿಲಬಸ್‌ನಲ್ಲಿ ಟೂ ಸ್ಟ್ರೋಕ್‌ಗೆ ಸಿಗೋ ಜಾಗವೇ ಅಷ್ಟು: ಒಂದು ಚಿತ್ರ, ಫೋರ್ ಸ್ಟ್ರೋಕ್ ಜೊತೆ ಒಂದು ಹೋಲಿಕೆ ಪಟ್ಟಿ, ಮುಗೀತು.

ಆದ್ರೆ ಈ ಯೆಜ್ಡಿಯನ್ನ ಒಮ್ಮೆ ಸರಿಯಾಗಿ ನೋಡಿ. ಒಂದೇ ಸಿಲಿಂಡರ್, ಬೋರ್ 65 ಎಂಎಂ, ಸ್ಟ್ರೋಕ್ 75 ಎಂಎಂ. ಲೆಕ್ಕ ಹಾಕಿ, ಸುಮಾರು 249 ಸಿಸಿ ಬರುತ್ತೆ. ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟ್, ಅದಕ್ಕೇ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡೋ ಹಾಗೆ ಒಳಗೆ ಜೋಡಿಸಿದ್ದಾರೆ, ಕೈಯಲ್ಲಿ ಕ್ಲಚ್ ಹಿಡಿಯದೇ ಗೇರ್ ಬದಲಾಯಿಸಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪ್ರತಿಯೊಂದನ್ನೂ ಬಿಚ್ಚಿ, ಮುಟ್ಟಿ, ಯಾಕೆ ಹೀಗಿದೆ ಅಂತ ಕೇಳಬಹುದು. ಕಲಿಯೋ ಹುಡುಗರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಬೇಕಾ?

ಈಗ ಕಷ್ಟದ ವಿಷಯಕ್ಕೆ ಬರ್ತೀನಿ.

ಮೊದಲನೇದು ಕಾನೂನು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಯನ್ನ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ ಬರುತ್ತೆ. ಪಾರಂಪರಿಕ ವಸ್ತು ಅಂತ ಸರ್ಕಾರ ಒಪ್ಪಿಕೊಂಡಿದ್ದು ಸಂತೋಷವೇ. ಆದ್ರೆ ಹಾಗೆ ನೋಂದಣಿ ಆದ ಗಾಡಿಯನ್ನ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. 2029ಕ್ಕೆ ದೊಡ್ಡಪ್ಪನ ಗಾಡಿಗೆ 50 ತುಂಬುತ್ತೆ. ವಿಂಟೇಜ್ ಪಟ್ಟ ಬೇಕು ಅಂದ್ರೆ ಅದು ಶ್ರೀಮಂಗಲ ಪೇಟೆಗೆ ಅಕ್ಕಿ ತರೋಕೆ ಹೋಗೋ ಹಾಗಿಲ್ಲ. ಪಟ್ಟ ಬೇಡ ಅಂದ್ರೆ ಮಾಮೂಲಿ ಹಳೇ ಗಾಡಿ ಥರ ಆಗಾಗ ಆರ್‌ಸಿ ನವೀಕರಣಕ್ಕೆ ಓಡಾಡ್ಬೇಕು. ಕೆಲಸ ಮಾಡೋ ಹಳೇ ಗಾಡಿಗೆ ಮಧ್ಯದ ಒಂದು ದಾರಿ ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಸುರಕ್ಷತೆ ಪರೀಕ್ಷೆ ಮಾಡಿ, ವರ್ಷಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿತಿ ಇಟ್ಟು, ಓಡಿಸೋಕೆ ಬಿಡಿ.

ಎರಡನೇದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ 20 ಭಾಗ ಎಥನಾಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಹೊಸ ಗಾಡಿಯ ಸೆನ್ಸರ್ ಇದನ್ನ ಕಂಡುಹಿಡಿದು ಪೆಟ್ರೋಲ್ ಜಾಸ್ತಿ ಬಿಡುತ್ತೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಜೆಟ್ ಅದೇ ಇದ್ರೆ ಮಿಶ್ರಣ ಲೀನ್ ಆಗುತ್ತೆ, ಇಂಜಿನ್ ಜಾಸ್ತಿ ಬಿಸಿ ಆಗುತ್ತೆ. ಏರ್ ಕೂಲ್ಡ್ ಟೂ ಸ್ಟ್ರೋಕ್‌ನಲ್ಲಿ ಜಾಸ್ತಿ ಬಿಸಿ ಅಂದ್ರೆ ಪಿಸ್ಟನ್ ಸೀಜ್ ಆಗೋ ಭಯ. ಇನ್ನೊಂದು, ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ. ಕೊಡಗಿನ ಮಳೆಗಾಲದ ತೇವದಲ್ಲಿ ಗಾಡಿ ವಾರಗಟ್ಟಲೆ ನಿಂತ್ರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತೆ. ಹಳೇ ರಬ್ಬರ್ ಪೈಪು, ವಾಷರ್ ಕೂಡ ಬೇಗ ಹಾಳಾಗುತ್ತೆ. ಹಾಗಾದ್ರೆ ಜೆಟ್ ಎಷ್ಟು ದೊಡ್ಡದು ಮಾಡಬೇಕು? ಆಯಿಲ್ ಎಷ್ಟು ಹಾಕಬೇಕು? ಮೆಕ್ಯಾನಿಕ್‌ಗಳು ಅಂದಾಜಲ್ಲಿ ಮಾಡ್ತಿದ್ದಾರೆ. ಅಳತೆ ಮಾಡಿ ಹೇಳಬೇಕಾದವರು ಯಾರು? ನಾವೇ ಅಲ್ವಾ?

ಇನ್ನು ಹೊಗೆ. ಈ ಆಕ್ಷೇಪಣೆಯನ್ನ ನಾನು ತಳ್ಳಿಹಾಕಲ್ಲ. ಟೂ ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣ ಒಳಗೆ ಬರೋವಾಗ ಎಕ್ಸಾಸ್ಟ್ ಪೋರ್ಟ್ ತೆರೆದೇ ಇರುತ್ತೆ, ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತೆ. ಜೊತೆಗೆ ಆಯಿಲ್ ಬೇರೆ ಸುಡುತ್ತೆ. ಎಲ್ಲರೂ ಮತ್ತೆ ಟೂ ಸ್ಟ್ರೋಕ್ ಓಡಿಸಿ ಅಂತ ಹೇಳೋನು ಇಂಜಿನಿಯರಿಂಗ್ ಓದಿದವನೇ ಅಲ್ಲ. ನಾನು ಹೇಳ್ತಿರೋದು ಈಗಾಗಲೇ ಇರೋ ಗಾಡಿಗಳ ಬಗ್ಗೆ. ಅವು ಕಮ್ಮಿ ಇವೆ, ಕಮ್ಮಿ ಓಡ್ತವೆ. ಟೈಮಿಂಗ್, ಜೆಟ್ ಸರಿ ಇದ್ದು ಆಯಿಲ್ ಅಳತೆಗೆ ಹಾಕಿದ್ರೆ ಹೊಗೆ ಎಷ್ಟೋ ಕಮ್ಮಿ ಆಗುತ್ತೆ. ಅಂದ್ರೆ ಹೊಗೆ ಕಮ್ಮಿ ಮಾಡೋಕೂ ಅದೇ ವಿದ್ಯೆ ಬೇಕು.

"ಇದೆಲ್ಲ ದುಡ್ಡಿದ್ದವರ ಹವ್ಯಾಸ" ಅನ್ನೋ ಮಾತೂ ಇದೆ. ಅರ್ಧ ನಿಜ. ಹೊಳೆಯೋ ಗಾಡಿಗಳ ಬೆಲೆ ಕೇಳಿದ್ರೆ ನಮ್ಮ ಸೆಮಿಸ್ಟರ್ ಫೀಸ್ ನೆನಪಾಗುತ್ತೆ. ಆದ್ರೆ ಯೆಜ್ಡಿ ಹುಟ್ಟಿದ್ದು ಕೆಲಸಕ್ಕೆ. ಹಾಲು ಹಾಕೋರು, ಪ್ಲಾಂಟರ್, ಮೇಷ್ಟ್ರು ಎಲ್ಲರೂ ಓಡಿಸಿದ್ದಾರೆ. ಹಬ್ಬ ಬರೀ ಶೋರೂಮ್ ಆಗ್ತಾ ಹೋದ್ರೆ ಕೆಸರು ಮೆತ್ತಿದ ಗಾಡಿಯವರು ಬರೋದೇ ಬಿಡ್ತಾರೆ. ಅದಕ್ಕೇ ನನ್ನ ಒಂದು ಸಲಹೆ: ಇಂಥ ಹಬ್ಬಗಳಲ್ಲಿ ಚೆಂದದ ಗಾಡಿಗೆ ಕೊಡೋ ಥರ, ಅತಿ ದೂರದಿಂದ ಓಡಿಸ್ಕೊಂಡು ಬಂದ ಗಾಡಿಗೂ, ಅದನ್ನ ಸರಿ ಇಟ್ಟಿರೋ ಮೆಕ್ಯಾನಿಕ್‌ಗೂ ಒಂದು ಬಹುಮಾನ ಇರಲಿ. ಮೆಕ್ಯಾನಿಕ್‌ನ ಸ್ಟೇಜ್ ಮೇಲೆ ಕರೆದು ಮೈಕ್ ಕೊಡಲಿ.

ಓಡಿಸೋಕೆ ಆಗದಿದ್ರೆ? ಪಾರ್ಟ್ಸ್ ಸಿಗದ ಗಾಡಿ, ವಯಸ್ಸಾದ ಮಾಲೀಕರು, ಅವರು ಟೆಂಪೋದಲ್ಲೇ ತರಲಿ, ಬೇಡ ಅನ್ನಲ್ಲ. ನನ್ನ ಜಗಳ ಇರೋದು ಓಡೋ ಗಾಡಿಯನ್ನ ಧೂಳಾಗುತ್ತೆ ಅಂತ ಓಡಿಸದವರ ಜೊತೆ.

ಈಗ ನಮ್ಮ ಕೆಲಸ ಏನು? ನಮ್ಮ ಕಾಲೇಜಿಗೆ ಮೂರು ವಿಷಯ ಹೇಳ್ತೀನಿ. ಒಂದು, ಮೆಕ್ಯಾನಿಕಲ್ ವರ್ಕ್‌ಶಾಪ್‌ಗೆ ಒಂದು ಹಳೇ ಯೆಜ್ಡಿ ಇಂಜಿನ್ ತರಿಸೋಣ, ಗುಜರಿಯದ್ದಾದ್ರೂ ಸರಿ. ಬಿಚ್ಚಿ ಜೋಡಿಸೋಣ. ಎರಡು, ಫೈನಲ್ ಇಯರ್ ಸೀನಿಯರ್‌ಗಳು ಯಾರಾದ್ರೂ ಇ20 ಮತ್ತು ಕಾರ್ಬ್ಯುರೇಟರ್ ಜೆಟ್ ಬಗ್ಗೆ ಪ್ರಾಜೆಕ್ಟ್ ತಗೊಳ್ಳಿ. ಉತ್ತರಕ್ಕೆ ಕಾಯ್ತಿರೋ ಜನ ನಿಜವಾಗಿ ಇದ್ದಾರೆ. ಮೂರನೇದು ನಮ್ಮ ಕನ್ನಡ ಸಂಘದ್ದು. ನಿಮ್ಮ ನಿಮ್ಮ ಊರಲ್ಲಿ ಹಳೇ ಬೈಕ್ ಮೆಕ್ಯಾನಿಕ್ ಒಬ್ಬರು ಇದ್ದೇ ಇರ್ತಾರೆ. ರಜೆಗೆ ಹೋದಾಗ ಒಂದು ಗಂಟೆ ಅವರ ಪಕ್ಕ ಕೂತು, ಅವರು ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ. ಅವರು ಬಳಸೋ ಮಾತುಗಳನ್ನ ಹಾಗೇ ಬರೆದುಕೊಳ್ಳಿ. ಟ್ಯಾಂಕ್ ಸೋರಿದ್ರೆ ಸೋಪು ಮೆತ್ತೋದು, ಪ್ಲಗ್ ಬಣ್ಣ ನೋಡಿ ಮಿಶ್ರಣ ಹೇಳೋದು, ಎಲ್ಲ. ಬರೆದದ್ದನ್ನ ಈ ಪತ್ರಿಕೆಯಲ್ಲೇ ಹಾಕೋಣ.

ನಾನು ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಇಂಜಿನ್ ಬಗ್ಗೆ ಕನ್ನಡದಲ್ಲಿ ಮಾತಾಡಬಹುದು ಅಂತ ಗೊತ್ತಾಗಿದ್ದು ಇಂಥವರ ಜೊತೆ ನಿಂತಾಗಲೇ. ಮುಂದಿನ ಜುಲೈಗೆ ದೊಡ್ಡಪ್ಪ ಮತ್ತೆ ಹೊರಡ್ತಾರಂತೆ. ಹಿಂದಿನ ಸೀಟು ನನ್ನದು. ನಿಮ್ಮ ಮನೆಯಲ್ಲೂ ಟಾರ್ಪಾಲ್ ಹೊದ್ದು ಮಲಗಿರೋ ಒಂದು ಗಾಡಿ ಇದ್ರೆ, ಈಗಿಂದಲೇ ಅದರ ಪಾಯಿಂಟ್ ಒರೆಸೋಕೆ ಶುರು ಮಾಡಿ.