ಕಾಲೇಜಿನ ಆಯ್ಕೆ: ಫಲಕಕ್ಕಿಂತ ಮೊದಲು ಮಗುವನ್ನು ನೋಡೋಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ನಮ್ಮ ಕರಾವಳಿಯ ಪಟ್ಟಣಗಳ ರಸ್ತೆಬದಿಗಳಲ್ಲಿ ಪದವಿಪೂರ್ವ ಕಾಲೇಜುಗಳ ದೊಡ್ಡ ದೊಡ್ಡ ಫಲಕಗಳು ಎದ್ದುನಿಲ್ಲುತ್ತವೆ. ರ‍್ಯಾಂಕು ಗಳಿಸಿದವರ ಭಾವಚಿತ್ರಗಳು ಅವುಗಳಲ್ಲಿ ಸಾಲಾಗಿರುತ್ತವೆ. ಅದೇ ತರಗತಿಯಲ್ಲಿ ಕುಳಿತು ಹಿಂದೆ ಬಿದ್ದವರ ಲೆಕ್ಕ ಮಾತ್ರ ಯಾವ ಫಲಕದಲ್ಲಿಯೂ ಇರುವುದಿಲ್ಲ. ಹದಿನಾರರ ಹರೆಯದ ಮಗುವಿನ ಮುಂದಿನ ದಾರಿಯನ್ನು ಇಂತಹ ಫಲಕಗಳ ಆಧಾರದಿಂದ ನಿಶ್ಚಯಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಾವು ಗಂಭೀರವಾಗಿ ಚಿಂತಿಸಬೇಕಾಗಿದೆ.

ವಿವೇಕವೆಂಬ ಸದ್ಗುಣದ ಬಗ್ಗೆ ಬರೆಯುತ್ತಾ ಸಂತ ಥಾಮಸ್ ಅಕ್ವಿನಾಸರು ಅದರ ಮೂರು ಕ್ರಿಯೆಗಳನ್ನು ಗುರುತಿಸಿದ್ದಾರೆ: ಮೊದಲು ಸಮಾಲೋಚನೆ, ಬಳಿಕ ನಿರ್ಣಯ, ಕೊನೆಗೆ ಅದನ್ನು ಕಾರ್ಯಗತಗೊಳಿಸುವ ಆಜ್ಞೆ. ನಮ್ಮ ಹಲವು ಮನೆಗಳಲ್ಲಿ ಈ ಕ್ರಮವೇ ತಲೆಕೆಳಗಾಗಿದೆ. ಮೊದಲು ಶುಲ್ಕ ಕಟ್ಟಲಾಗುತ್ತದೆ. ಆಮೇಲೆ ಆಯ್ಕೆಗೆ ಕಾರಣಗಳನ್ನು ಹುಡುಕಲಾಗುತ್ತದೆ. ಮಗು ಮೊದಲ ಕಿರುಪರೀಕ್ಷೆಯಲ್ಲಿ ಸೋತು ಊಟ ಬಿಟ್ಟಾಗ ಸಮಾಲೋಚನೆ ಆರಂಭವಾಗುತ್ತದೆ.

ವಿಜ್ಞಾನ ವಿಭಾಗಕ್ಕೆ ಸೇರಿಸಿದರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ ಎಂಬುದು ಹೆತ್ತವರ ಸಾಮಾನ್ಯ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಜ್ಞಾನ ಓದಿದವರು ಮುಂದೆ ವಾಣಿಜ್ಯ, ಕಾನೂನು ಅಥವಾ ಕಲಾ ವಿಷಯಗಳಿಗೆ ಹೋಗಬಹುದು. ವಾಣಿಜ್ಯ ಓದಿದವರು ವೈದ್ಯಕೀಯಕ್ಕೆ ಹೋಗಲಾರರು. ಆದರೆ ಭೌತಶಾಸ್ತ್ರ, ಗಣಿತಗಳಲ್ಲಿ ಒಲವೂ ಬಲವೂ ಇಲ್ಲದ ವಿದ್ಯಾರ್ಥಿ ಎರಡು ವರ್ಷ ಸೋಲನ್ನೇ ಉಂಡು ಹೊರಬಂದಾಗ, ತೆರೆದ ಬಾಗಿಲಿನ ತನಕ ನಡೆದುಹೋಗುವ ಆತ್ಮವಿಶ್ವಾಸವೇ ಅವನಲ್ಲಿ ಉಳಿದಿರುವುದಿಲ್ಲ. ಸಾಧನವು ಗುರಿಯನ್ನೇ ನುಂಗುವುದೆಂದರೆ ಇದುವೇ.

ಅಂಕಿ ಅಂಶಗಳನ್ನೂ ಗಮನಿಸೋಣ. 2025ರಲ್ಲಿ ನೀಟ್ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು ಮಂದಿ. ದೇಶದಲ್ಲಿದ್ದ ಎಂಬಿಬಿಎಸ್ ಸ್ಥಾನಗಳು ಸುಮಾರು 1.2 ಲಕ್ಷ. ಅವುಗಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಸರಕಾರಿ ಕಾಲೇಜುಗಳಲ್ಲಿವೆ. ಹೀಗಿರುವಾಗ ನಮ್ಮಲ್ಲಿಗೆ ಸೇರಿದರೆ ಸೀಟು ಖಚಿತ ಎಂಬ ಭರವಸೆಯನ್ನು ಯಾರು ತಾನೇ ಕೊಡಬಲ್ಲರು? 2024ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯು, ತರಬೇತಿ ಕೇಂದ್ರಗಳು ರ‍್ಯಾಂಕಿನ ಖಾತರಿ ನೀಡಬಾರದೆಂದೂ, ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದೆಂದೂ ತಿಳಿಸಿದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯದ ಕುರಿತು ನಿರ್ದೇಶನಗಳನ್ನು ನೀಡಿ, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಪ್ರತ್ಯೇಕ ತಂಡಗಳಾಗಿ ವಿಂಗಡಿಸುವುದನ್ನು ಸಾಧ್ಯವಾದಷ್ಟು ಮಟ್ಟಿಗೆ ಬಿಡಬೇಕು, ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತ ಸಲಹೆಗಾರರಿರಬೇಕು ಎಂದಿದೆ. ಕಾಲೇಜಿನ ಕಚೇರಿಯಲ್ಲಿ ಹೆತ್ತವರು ಕೇಳಬೇಕಾದ ಪ್ರಶ್ನೆಗಳು ಇವು: ಇಲ್ಲಿ ಮಕ್ಕಳನ್ನು ಅಂಕ ನೋಡಿ ಬೇರ್ಪಡಿಸುತ್ತೀರಾ? ಆಪ್ತ ಸಲಹೆಗಾರರು ಯಾರು? ಕಳೆದ ವರ್ಷ ಒಟ್ಟು ಎಷ್ಟು ಮಂದಿ ಪರೀಕ್ಷೆಗೆ ಕುಳಿತಿದ್ದರು?

ತರಬೇತಿಯ ಭರದಲ್ಲಿ ಇನ್ನೊಂದು ವಿಷಯ ಮರೆತುಹೋಗುತ್ತದೆ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕಗಳನ್ನು ಅರ್ಧದಷ್ಟು, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳನ್ನು ಉಳಿದರ್ಧದಷ್ಟು ಪರಿಗಣಿಸಲಾಗುತ್ತದೆ. ಆದುದರಿಂದ ಪಾಠವನ್ನು ಕಡೆಗಣಿಸಿ ತರಬೇತಿಗಷ್ಟೇ ಮಹತ್ವ ಕೊಡುವ ಕಾಲೇಜು ಉತ್ತಮವೆನಿಸಲಾರದು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಸಿಇಟಿಯಲ್ಲಿ ಮೀಸಲಾತಿಯುಂಟು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಇದರ ಪ್ರಮಾಣಪತ್ರಗಳನ್ನು ಕೊನೆಗಳಿಗೆಯವರೆಗೆ ಮುಂದೂಡದೆ ಈಗಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಹತ್ತನೆಯ ತರಗತಿಯ ನಂತರ ಪಿಯುಸಿ ಒಂದೇ ದಾರಿಯಲ್ಲ. ಯಂತ್ರಗಳೊಂದಿಗೆ ಕೈಯಾಡಿಸುವ ಹುಡುಗನಿಗೆ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಇದೆ; ಅದನ್ನು ಮುಗಿಸಿ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐಟಿಐ ಕಲಿತು ಗೌರವದಿಂದ ಬಾಳುತ್ತಿರುವವರು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. ಕಲಾ ವಿಭಾಗವನ್ನು ದಡ್ಡರ ಪಾಲೆಂದು ತಿಳಿಯುವುದು ಅಜ್ಞಾನ. ಆಡಳಿತ ಸೇವೆ, ಪತ್ರಿಕೋದ್ಯಮ, ಸಮಾಜಕಾರ್ಯ, ಕಾನೂನುಗಳ ದಾರಿ ಅಲ್ಲಿಂದಲೇ ಸಾಗುತ್ತದೆ.

ಮುಂದೆ ಪದವಿ ಕಾಲೇಜನ್ನು ಆರಿಸುವಾಗಲೂ ಕಟ್ಟಡದ ಅಂದಕ್ಕೆ ಮಾರುಹೋಗಬಾರದು. ಪದವಿ ನೀಡುವ ವಿಶ್ವವಿದ್ಯಾನಿಲಯಕ್ಕೆ ಯುಜಿಸಿಯ ಮಾನ್ಯತೆ ಇದೆಯೇ, ನರ್ಸಿಂಗ್ ಕಾಲೇಜಾದರೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಸಂಯೋಜನೆ ಇದೆಯೇ ಎಂದು ವಿಚಾರಿಸಬೇಕು. ನ್ಯಾಕ್ ಶ್ರೇಣಿ ಒಂದು ಸೂಚನೆ ಮಾತ್ರ. ಒಳ್ಳೆಯ ಶ್ರೇಣಿಗಾಗಿ ಲಂಚ ಪಡೆದ ಆರೋಪದಲ್ಲಿ ಅದರ ತಪಾಸಣಾ ತಂಡದ ಸದಸ್ಯರನ್ನೇ ಸಿಬಿಐ 2025ರ ಫೆಬ್ರವರಿಯಲ್ಲಿ ಬಂಧಿಸಿತ್ತು. ಆದುದರಿಂದ ಅಲ್ಲಿ ಓದುತ್ತಿರುವ ಇಬ್ಬರು ಮೂವರು ವಿದ್ಯಾರ್ಥಿಗಳೊಂದಿಗೆ ಮಾತಾಡಿದರೆ ಹೆಚ್ಚು ನಿಜ ತಿಳಿಯುತ್ತದೆ.

ಸಾಲದ ಪ್ರಶ್ನೆಯನ್ನಂತೂ ಮರೆಯುವಂತಿಲ್ಲ. ಮನೆಯ ಚಿನ್ನ ಅಡವಿಟ್ಟು, ತೋಟದ ಮೇಲೆ ಸಾಲವೆತ್ತಿ ಒಬ್ಬನನ್ನು ಓದಿಸಿದಾಗ, ಆ ಮನೆಯ ತಂಗಿಯ ಓದಿಗೆ ಏನು ಉಳಿಯುತ್ತದೆ? ಒಬ್ಬರಿಗಾಗಿ ಮಾಡುವ ಆಯ್ಕೆಯು ಇಡೀ ಕುಟುಂಬಕ್ಕೆ ನ್ಯಾಯವಾಗಿರಬೇಕು. ಶುಲ್ಕದೊಂದಿಗೆ ವಸತಿ, ಪುಸ್ತಕ, ಪ್ರಯಾಣ ಎಲ್ಲವನ್ನೂ ಕೂಡಿಸಿ ಪೂರ್ಣಾವಧಿಯ ಲೆಕ್ಕವನ್ನು ಕಾಗದದಲ್ಲಿ ಬರೆದು, ಮಕ್ಕಳ ಎದುರಿನಲ್ಲಿಯೇ ಚರ್ಚಿಸುವುದು ಉತ್ತಮ. ನಮ್ಮ ರಾಜ್ಯದಲ್ಲಿ ಡೊನೇಶನ್ ವಸೂಲಿಯನ್ನು 1984ರ ಕಾನೂನು ನಿಷೇಧಿಸಿದೆ ಎಂಬುದೂ ಹೆತ್ತವರಿಗೆ ತಿಳಿದಿರಲಿ.

ಇಲ್ಲಿ ನಮ್ಮ ಸಮುದಾಯದ ವಿದ್ಯಾಸಂಸ್ಥೆಗಳಿಗೂ ಒಂದು ಮಾತು ಸಲ್ಲಬೇಕು. 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆಗ್ನೆಸ್ ಕಾಲೇಜುಗಳು ಈ ನಾಡಿಗೆ ಅಕ್ಷರದ ಬೆಳಕು ನೀಡಿದವು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಆ ಹಕ್ಕನ್ನು ಎತ್ತಿಹಿಡಿಯುತ್ತಲೇ, ಶಿಕ್ಷಣವು ಲಾಭಕೋರತನವಾಗಬಾರದೆಂದೂ ಹೇಳಿತು. ಶೇಕಡಾ 95ರ ಮಗುವಿಗೆ ಕೆಂಪುಗಂಬಳಿ ಹಾಸಿ, ಅದೇ ಧರ್ಮಕೇಂದ್ರದ ಕೂಲಿಕಾರನ ಶೇಕಡಾ 55ರ ಮಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವ ಸಂಸ್ಥೆಯು ಈ ಹಕ್ಕನ್ನು ಯಾರ ಹೆಸರಿನಲ್ಲಿ ಬಳಸುತ್ತಿದೆ ಎಂದು ಆತ್ಮಾವಲೋಕನ ಮಾಡಿಕೊಳ್ಳಬೇಕು.

ಸರಿಯಾದ ಕಾಲೇಜು ಎಂಬುದು ಎಲ್ಲರಿಗೂ ಒಂದೇ ಅಲ್ಲ. ಈ ಮಗುವಿಗೆ, ಈ ಮನೆಗೆ ಹೊಂದುವಂಥದ್ದು ಸರಿಯಾದ ಕಾಲೇಜು. ಪ್ರವೇಶ ಪತ್ರವನ್ನು ತುಂಬುವ ಮೊದಲು ಒಂದು ಸಂಜೆ ತಂದೆ, ತಾಯಿ, ಮಗು ಮೂವರೂ ಜತೆಯಾಗಿ ಕುಳಿತುಕೊಳ್ಳಲಿ. ಮಗುವಿನ ಶಾಲಾ ಶಿಕ್ಷಕರ ಅಭಿಪ್ರಾಯವನ್ನೂ ಕೇಳಲಿ. ಅಂದು ಮೊದಲು ಮಾತನಾಡುವ ಹಕ್ಕು ಮಗುವಿನದಾಗಿರಲಿ. ಎರಡು ವರ್ಷ ಆ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾದುದು ಅದೇ ತಾನೆ?