ಸಂಗೀತ ಅಂದ್ರೆ ತಲೆನೋವಿನ ಮಾತ್ರೆ ಅಲ್ಲ ಸ್ವಾಮೀ

"ಸಂಗೀತ ಅಂದ್ರೆ ಮನಸ್ಸಿಗೆ ಹಿತವಾಗಿರಬೇಕು." ಈ ಮಾತನ್ನು ಈ ಮುಂಬಯಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಂಘದ ಕಾರ್ಯಕ್ರಮದಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ವಿಟಿಗೆ ಹೋಗೋ ಲೋಕಲ್‌ನಲ್ಲಿ (ನಾವು ಹಳಬರು ಈಗಲೂ ವಿಟಿ ಅಂತಲೇ ಅನ್ನೋದು). ಹೇಳುವವರೆಲ್ಲ ಒಳ್ಳೆಯವರೇ. ಆದರೆ ಸಂಗೀತಕ್ಕೆ ಈ ಒಂದು ಮಾತು ಮಾಡಿದಷ್ಟು ಕೇಡನ್ನು ಮೈಕಾಸುರನೂ ಮಾಡಿಲ್ಲ ಅಂತ ನನ್ನ ವಾದ. ಇವತ್ತು ಸ್ವಲ್ಪ ಜಗಳಕ್ಕೆಂದೇ ಕೂತಿದ್ದೇನೆ. ಕಾಫಿ ಕುಡಿದು ಮುಗಿಸಿ ಆಮೇಲೆ ಓದಿ.

ಜಗಳಕ್ಕೆ ಕಾರಣ ಸೆಸಿಲ್ ಟೇಲರ್ ಅನ್ನೋ ಆಫ್ರಿಕನ್ ಅಮೆರಿಕನ್ ಪಿಯಾನೋ ವಾದಕ. 1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು, 2018ರ ಏಪ್ರಿಲ್ 5ರಂದು ಬ್ರೂಕ್ಲಿನ್‌ನಲ್ಲಿ ತೀರಿಕೊಂಡ. ನನಗೆ ಪರಿಚಯವಾಗಿದ್ದು ಸತ್ತ ಸುದ್ದಿಯಿಂದಲೇ. ಪೇಪರಿನಲ್ಲಿ ಹೆಸರು ಓದಿ, ಸಂಜೆ ವಾಪಸ್ ಬರುವಾಗ ಲೋಕಲ್‌ನಲ್ಲಿ ನಿಂತುಕೊಂಡೇ ಇಯರ್‌ಫೋನ್ ಸಿಕ್ಕಿಸಿ 'ಕಾಂಕಿಸ್ಟಡಾರ್' ಅನ್ನೋ 1966ರ ಆಲ್ಬಂ ಹಚ್ಚಿದೆ. ಎರಡೇ ತುಣುಕು, ಒಂದೊಂದೂ ಹದಿನೆಂಟು ಇಪ್ಪತ್ತು ನಿಮಿಷ. ಘಾಟಕೋಪರ್ ಬರುವ ಹೊತ್ತಿಗೆ ನನಗೆ ಅರ್ಥವಾದದ್ದು ಇಷ್ಟು: ಯಾರೋ ನಾಲ್ಕೈದು ಸ್ವರದ ಒಂದು ಮಾತನ್ನು ಎಸೆಯುತ್ತಾರೆ, ಮತ್ತೊಬ್ಬ ಅದನ್ನು ಹಿಡಿದು ತಿರುಚಿ ವಾಪಸ್ ಎಸೆಯುತ್ತಾನೆ, ಪಿಯಾನೋ ಅದನ್ನೇ ನೂರು ಚೂರು ಮಾಡಿ ಹರಡುತ್ತದೆ. ಎರಡು ಬೇಸ್ ವಾದ್ಯ, ಒಂದನ್ನು ಕಮಾನಿನಿಂದ ಎತ್ತರದ ಸ್ಥಾಯಿಯಲ್ಲಿ ಕುಯ್ಯುತ್ತಿದ್ದರೆ ಇನ್ನೊಂದನ್ನು ಬೆರಳಲ್ಲಿ ಮೀಟುತ್ತಾರೆ. ತಾಳ ಅಂತ ಬೆರಳು ಮಡಚಿ ಎಣಿಸೋಕೆ ಹೋದರೆ ಸಿಗಲ್ಲ. ಆದರೆ ಸಮುದ್ರದ ಅಲೆ ಹಾಗೆ ಏರಿಳಿತ ಇದೆ, ಅದು ಮೈಗೆ ಗೊತ್ತಾಗುತ್ತೆ.

ಆ ಮೇಲೆ ನನಗೆ ಹುಚ್ಚೇ ಹಿಡಿಯಿತು ಅನ್ನಿ. ಆರು ತಿಂಗಳು ಬೇರೇನೂ ಕೇಳಲಿಲ್ಲ. ಮನೆಯವಳು "ಇದೇನ್ರೀ, ಅಡುಗೆಮನೆ ಅಟ್ಟದಿಂದ ಪಾತ್ರೆ ಬಿದ್ದ ಹಾಗೆ" ಅಂದಳು. ಅವಳದ್ದು ಪ್ರಾಮಾಣಿಕ ಅಭಿಪ್ರಾಯ, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಇರೋದು ತಿಳಿದವರ ಮೇಲೆ.

ಮೊದಲ ಗುಂಪು: "ಇದನ್ನು ಯಾರು ಬೇಕಾದರೂ ಬಾರಿಸಬಹುದು, ನಮ್ಮ ಮೊಮ್ಮಗನೂ ಬಾರಿಸ್ತಾನೆ." ಸರಿ, ಲೆಕ್ಕ ತೆಗೆದು ನೋಡೋಣ. ಟೇಲರ್ ಎಳವೆಯಲ್ಲೇ ಪಿಯಾನೋ ಕಲಿಯಲು ಕೂತವನು, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿದವನು. 1956ರ ಮೊದಲ ಆಲ್ಬಂ 'ಜಾಝ್ ಅಡ್ವಾನ್ಸ್' ಕೇಳಿ. ಅದರಲ್ಲಿ ಮಂಕ್ ರಚನೆ ಇದೆ, ಎಲಿಂಗ್ಟನ್ ರಚನೆ ಇದೆ, ಕೋಲ್ ಪೋರ್ಟರ್ ಹಾಡು ಇದೆ. ಎಲ್ಲರಿಗೂ ಗೊತ್ತಿದ್ದ ಹಾಡನ್ನು ಎತ್ತಿಕೊಂಡು, ಕಣ್ಣೆದುರೇ ಒಂದೊಂದೇ ಕೀಲು ಬಿಚ್ಚುತ್ತಾ ಹೋಗುತ್ತಾನೆ. ಕೀಲು ಎಲ್ಲಿದೆ ಅಂತ ಗೊತ್ತಿಲ್ಲದವನು ಬಿಚ್ಚೋದು ಹೇಗೆ?

ಇನ್ನೂ ಗಟ್ಟಿ ಸಾಕ್ಷಿ ಬೇಕೇ? 1974ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋ ಉತ್ಸವದಲ್ಲಿ ಒಬ್ಬನೇ ಕೂತು ನುಡಿಸಿದ್ದು 'ಸೈಲೆಂಟ್ ಟಂಗ್ಸ್' ಅಂತ ಆಲ್ಬಂ ಆಗಿದೆ. ಐದು ಭಾಗದ ಒಂದು ದೊಡ್ಡ ಕೃತಿ. ಜನ ಬಿಡದೆ ಚಪ್ಪಾಳೆ ತಟ್ಟಿದ ಮೇಲೆ ಎರಡು ಚಿಕ್ಕ ತುಣುಕು ನುಡಿಸುತ್ತಾನೆ. ಅವು ಹೊಸದಲ್ಲ! ಆ ಐದರಲ್ಲಿ ಎರಡು ಭಾಗಗಳ ವಸ್ತುವನ್ನೇ ಮತ್ತೆ ಎತ್ತಿಕೊಂಡು, ಹಿಂಡಿ ಚಿಕ್ಕದು ಮಾಡಿ ನುಡಿಸುತ್ತಾನೆ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ ವೋಚರು, ಲೆಡ್ಜರು ಎರಡೂ ತಾಳೆ ಆಗುತ್ತೆ. ಮೊಮ್ಮಗ ಬಾರಿಸಿದ್ದನ್ನು ಇನ್ನೊಂದು ಸಲ ಬಾರಿಸು ಅಂತ ಕೇಳಿ ನೋಡಿ.

ಇನ್ನು "ಸ್ವರಲಿಪಿ ಇಲ್ಲ, ಶಿಸ್ತಿಲ್ಲ" ಅನ್ನೋದು. ಸಂಗಡಿಗರಿಗೆ ಟೇಲರ್ ಹೆಚ್ಚಾಗಿ ಕಲಿಸುತ್ತಿದ್ದದ್ದು ಪಿಯಾನೋದಲ್ಲಿ ನುಡಿಸಿ ತೋರಿಸಿ, ಸ್ವರದ ಹೆಸರು ಹೇಳಿ ಬರೆಸಿ, ಕಿವಿಗೆ ಕೂರುವ ತನಕ ಹೇಳಿಕೊಟ್ಟು. ಆಲ್ಟೋ ಸ್ಯಾಕ್ಸೊಫೋನಿನ ಜಿಮ್ಮಿ ಲಯನ್ಸ್ 1986ರಲ್ಲಿ ಸಾಯುವವರೆಗೆ ಸುಮಾರು ಇಪ್ಪತ್ತೈದು ವರ್ಷ ಹೀಗೇ ಜೊತೆಗಿದ್ದ. ಪುಸ್ತಕ ನೋಡದೆ ಪಾಠ ಹೇಳಿಸಿಕೊಂಡು ಬಂದ ದೇಶದವರು ನಾವು, ಇದನ್ನು ಅಶಿಸ್ತು ಅಂದರೆ ನಗಬೇಕೋ ಅಳಬೇಕೋ?

ಎರಡನೇ ಗುಂಪು ಇನ್ನೂ ಅಪಾಯ. ಇವರು ಮೆಚ್ಚುವವರು! "ಓಹೋ, ಇದು ನಮ್ಮ ಮನೋಧರ್ಮ ಸಂಗೀತವೇ, ನಮ್ಮ ಆಲಾಪನೆಯೇ, ಪಾಪ ಅವರಿಗೆ ಈಗ ಗೊತ್ತಾಗಿದೆ." ಅಲ್ಲಾ ಸ್ವಾಮೀ, ಎಲ್ಲಿದೆ ಷಡ್ಜ? ಎಲ್ಲಿದೆ ತಂಬೂರಿ? ಟೇಲರನ ಬೇರು ಎಲಿಂಗ್ಟನ್, ಮಂಕ್, ಬ್ಲೂಸ್. ಜೊತೆಗೆ ಬಾರ್ಟೋಕ್, ಸ್ಟ್ರಾವಿನ್ಸ್ಕಿ. ನರ್ತಕ ಗಾಳಿಯಲ್ಲಿ ಹಾರುವ ಹಾಗೆ ಪಿಯಾನೋದಲ್ಲಿ ಹಾರಲು ನೋಡುತ್ತೇನೆ ಅನ್ನೋ ಅರ್ಥದ ಮಾತು ಆತನದೇ. ಪರರ ಮನೆಯಲ್ಲಿ ಚೆನ್ನಾಗಿರೋದೆಲ್ಲ ನಮ್ಮಜ್ಜನ ಮನೆಯಿಂದ ಹೋದದ್ದು ಅನ್ನೋ ಈ ಚಾಳಿ ಬಿಡದೆ ನಾವು ಏನನ್ನೂ ಕೇಳಲಾರೆವು.

ಹೋಲಿಕೆ ಬೇಕೇ ಬೇಕು ಅಂದರೆ ನನಗೆ ಕಾಣೋದು ಒಂದೇ, ಚೆಂಡೆ. ಪಿಯಾನೋ ಅಂದರೆ ಏನು? 88 ಕೀಲಿ, ಒಂದೊಂದು ಒತ್ತಿದಾಗಲೂ ಒಳಗೆ ಒಂದು ಸುತ್ತಿಗೆ ತಂತಿಗೆ ಹೊಡೆಯುತ್ತೆ. ಹೊಡೆಯೋ ವಾದ್ಯವೇ ಅದು. ವಾಲ್ ವಿಲ್ಮರ್ ಅನ್ನೋ ಬ್ರಿಟಿಷ್ ಲೇಖಕಿ ಈತನ ಪಿಯಾನೋವನ್ನು ಶ್ರುತಿ ಮಾಡಿದ 88 ಡೋಲು ಅಂತ ಬಣ್ಣಿಸಿದ್ದು ಪ್ರಸಿದ್ಧ. ನಮ್ಮ ಊರ ಕಡೆಯ ಮೇಳ ಮುಂಬಯಿಗೆ ಬಂದಾಗ ರಾತ್ರಿ ಎರಡು ಗಂಟೆಗೆ ಬಣ್ಣದ ವೇಷ ರಂಗಕ್ಕೆ ಬರುತ್ತೆ, ಚೆಂಡೆ ಎದೆ ಮೇಲೆ ಬೀಳುತ್ತೆ. ಆಗ ಯಾರಾದರೂ "ಹಿತವಾಗಿದೆ" ಅಂತಾರಾ? ಮಕ್ಕಳು ಹೆದರಿ ಅಮ್ಮನ ಸೆರಗು ಹಿಡೀತಾರೆ, ದೊಡ್ಡವರು ನಿದ್ದೆ ಕೊಡವಿ ನೆಟ್ಟಗೆ ಕೂರ್ತಾರೆ. ಅದಕ್ಕೇ ದುಡ್ಡು ಕೊಟ್ಟು ಹೋಗಿರ್ತೀವಿ. ಆದರೆ ಬೆಳಗಾದರೆ ಅದೇ ಬಾಯಲ್ಲಿ ಸಂಗೀತ ಅಂದ್ರೆ ಹಿತ!

"ದಿನವೆಲ್ಲ ದುಡಿದು, ಲೋಕಲ್‌ನಲ್ಲಿ ಜಜ್ಜಿಸಿಕೊಂಡು ಮನೆಗೆ ಬಂದವನಿಗೆ ಹಿತ ಬೇಡವೇ?" ಅಂತ ಕೇಳ್ತೀರಿ. ಬೇಕು, ಧಾರಾಳವಾಗಿ ಕೇಳಿ. ನಾನೂ ಭಾನುವಾರ ಪಿ.ಬಿ. ಶ್ರೀನಿವಾಸ್ ಹಾಕಿಕೊಂಡೇ ಮಲಗುವವನು. ಆದರೆ "ನನಗೆ ಬೇಡ" ಅನ್ನೋದು ಬೇರೆ, "ಇದು ಸಂಗೀತವೇ ಅಲ್ಲ" ಅನ್ನೋದು ಬೇರೆ. ಎರಡನೆಯದು ಇನ್ನೊಬ್ಬರ ಅನ್ನದ ಮೇಲೆ ಬೀಳೋ ಮಾತು.

ಹೇಗೆ ಅಂತ ನೋಡಿ. ಕ್ಲಬ್ ಮಾಲೀಕರಿಗೆ ಟೇಲರ್ ಮೇಲಿದ್ದ ದೂರು ಏನು ಗೊತ್ತೇ? ಆತ ಅಷ್ಟುದ್ದ ನುಡಿಸುತ್ತಿದ್ದರೆ ಗಿರಾಕಿಗಳು ಕುಡಿಯೋದನ್ನೇ ನಿಲ್ಲಿಸುತ್ತಾರೆ, ವ್ಯಾಪಾರ ಇಲ್ಲ ಅಂತ. ವಿಮರ್ಶಕರು ಹೊಗಳುತ್ತಿದ್ದ ಆ ವರ್ಷಗಳಲ್ಲೇ ಆತ ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ತಟ್ಟೆ ತೊಳೆದ. 1962ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನ ಕೆಫೆ ಮಾಂಮಾರ್ತ್‌ನಲ್ಲಿ, ಬೇಸ್ ವಾದಕನೇ ಇಲ್ಲದೆ ಮೂರೇ ಜನ ನುಡಿಸಿದ ರೆಕಾರ್ಡಿಂಗ್ ಇದೆಯಲ್ಲ, ಇವತ್ತು ಅದನ್ನು ಜಾಝ್ ಇತಿಹಾಸದ ಮೈಲಿಗಲ್ಲು ಅಂತಾರೆ. ಅದಾದ ಮೇಲೆ ಮುಂದಿನ ಸ್ಟುಡಿಯೋ ಆಲ್ಬಂ 1966ರಲ್ಲಿ. ಮೂವತ್ಮೂರರಿಂದ ಮೂವತ್ತೇಳರ ವಯಸ್ಸು, ಬೆರಳಿಗೆ ಬಲ ಇರೋ ಕಾಲ! ಕಳೆದುಹೋದ ಆ ವರ್ಷಗಳನ್ನು ಯಾರ ಖಾತೆಗೆ ಖರ್ಚು ಹಾಕೋಣ?

ಹೆನ್ರಿ ಗ್ರೈಮ್ಸ್ ಕಥೆ ಇನ್ನೂ ಕರುಳು ಹಿಂಡುತ್ತೆ. ನಾನು ಲೋಕಲ್‌ನಲ್ಲಿ ಕೇಳಿದ ಎರಡು ಬೇಸ್‌ಗಳಲ್ಲಿ ಒಂದು ಈತನದು. 60ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಕಡೆ ಹೋದವನು ಕೆಟ್ಟುಹೋದ ವಾದ್ಯ ರಿಪೇರಿ ಮಾಡಿಸೋಕೆ ದುಡ್ಡಿಲ್ಲದೆ ಅದನ್ನು ಮಾರಿದ. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಪತ್ತೆಯೇ ಇಲ್ಲ. ಸತ್ತಿದ್ದಾನೆ ಅಂತಲೇ ಬಹಳ ಜನ ತಿಳಿದಿದ್ದರು. 2002ರಲ್ಲಿ ಹುಡುಕಿದಾಗ ಲಾಸ್ ಏಂಜಲಿಸ್‌ನ ಒಂದು ಚಿಕ್ಕ ಕೋಣೆಯಲ್ಲಿ, ಕಸಗುಡಿಸುವಂಥ ಕೆಲಸ ಮಾಡಿಕೊಂಡು ಬದುಕಿದ್ದ. ಇನ್ನೊಬ್ಬ ಬೇಸ್ ವಾದಕ ವಿಲಿಯಂ ಪಾರ್ಕರ್ ತನ್ನದೊಂದು ವಾದ್ಯ ಕಳಿಸಿಕೊಟ್ಟ. 2003ಕ್ಕೆ ವೇದಿಕೆಗೆ ವಾಪಸ್! 2020ರಲ್ಲಿ ಕೋವಿಡ್‌ನಿಂದ ಹೋಗುವ ತನಕ ಸಂಗೀತಗಾರನಾಗೇ ಇದ್ದ.

ಟೇಲರನಿಗೂ ಕಡೆಗೆ ಮರ್ಯಾದೆ ಸಿಕ್ಕಿತು ಅನ್ನಿ. 1978ರಲ್ಲಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ನುಡಿಸಿದಾಗ ಅಧ್ಯಕ್ಷ ಕಾರ್ಟರ್ ತಾವೇ ಎದ್ದು ಓಡಿ ಬಂದು ಮಾತಾಡಿಸಿದರು. ಕಡಲೆಕಾಯಿ ಬೆಳೀತಿದ್ದ ಮನುಷ್ಯ, ನಮ್ಮ ತಿಳಿದವರಿಗಿಂತ ಕಿವಿ ಚುರುಕಿತ್ತು. 1988ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಕರೆಸಿ ನುಡಿಸಿ, 11 ಸಿಡಿಗಳ ಒಂದು ಪೆಟ್ಟಿಗೆಯನ್ನೇ ತಂದರು. 2013ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ, 5 ಕೋಟಿ ಯೆನ್. ಆ ದುಡ್ಡನ್ನೂ ಪಕ್ಕದ ಮನೆ ರಿಪೇರಿಗೆ ಬಂದಿದ್ದ ಒಬ್ಬ ಕಂಟ್ರಾಕ್ಟರ್, ಟೇಲರ್ ಹೆಸರಿನ ಪ್ರತಿಷ್ಠಾನ ಅಂತ ನಂಬಿಸಿ ತನ್ನ ಖಾತೆಗೆ ತರಿಸಿಕೊಂಡ, ಸುಮಾರು ಐದು ಲಕ್ಷ ಡಾಲರ್! ಆಮೇಲೆ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ. ಖಾತೆಯ ಹೆಸರು, ನಂಬರು ತಾಳೆ ನೋಡದೆ ದುಡ್ಡು ಕಳಿಸಬೇಡಿ ಅಂತ ನಾನು ಕೌಂಟರಿನಲ್ಲಿ ಬಡಕೊಳ್ಳೋದು ಇದಕ್ಕೇ. ಇರಲಿ, ವಿಷಯಕ್ಕೆ ಬರೋಣ.

2001ರಲ್ಲಿ ಅಮೆರಿಕದ ಟಿವಿಯಲ್ಲಿ ಕೆನ್ ಬರ್ನ್ಸ್ ಅವರ ಜಾಝ್ ಸಾಕ್ಷ್ಯಚಿತ್ರ ಬಂತು, ಹತ್ತು ಕಂತು. ನಾನು ತಯಾರಿ ಮಾಡಿಕೊಂಡು ಬರುವ ಹಾಗೆ ಕೇಳುಗನೂ ತಯಾರಾಗಿ ಬರಬೇಕು ಅನ್ನೋದು ಟೇಲರನ ನಿಲುವು. ಅದರಲ್ಲಿ ಬ್ರಾನ್‌ಫರ್ಡ್ ಮಾರ್ಸಾಲಿಸ್ ಅನ್ನೋ ದೊಡ್ಡ ಸ್ಯಾಕ್ಸೊಫೋನ್ ವಾದಕ ಆ ನಿಲುವನ್ನು ಒಂದು ಹೊಲಸು ಪದ ಹಾಕಿ ತಳ್ಳಿಬಿಟ್ಟ. ನಾನಂತೂ ಟೇಲರ್ ಪಕ್ಷ. ಯಕ್ಷಗಾನಕ್ಕೆ ಹೋಗುವಾಗ ಪ್ರಸಂಗ ಗೊತ್ತಿಲ್ಲದೆ ಹೋಗ್ತೀವಾ?

ಇದೆಲ್ಲ ನ್ಯೂಯಾರ್ಕಿನ ಹಳೇ ಕಥೆ ಅಂತ ತಳ್ಳಿಹಾಕಬೇಡಿ. ಈ ಊರಿನಲ್ಲೇ ಹುಟ್ಟಿ ಬೆಳೆದ ಒಬ್ಬ ಕನ್ನಡದ ಹುಡುಗ, ಹನ್ನೆರಡು ವರ್ಷ ಹಿಂದೂಸ್ತಾನಿ ಕಲಿತವನು, ನಮ್ಮವರದೇ ಒಂದು ಸಭೆಯಲ್ಲಿ ಹಾಡಲು ಕೂತಿದ್ದ. ವಿಲಂಬಿತ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ವೇದಿಕೆಗೆ ಚೀಟಿ ಹೋಯಿತು: ಬೇಗ ಮುಗಿಸಿ ಒಂದೆರಡು ಭಾವಗೀತೆ ಹಾಡಿ, ಜನ ಏಳುತ್ತಿದ್ದಾರೆ. ಜನ ಏಳುತ್ತಿದ್ದದ್ದು ನಿಜ, ಆಚೆ ಬಿಸಿಬೇಳೆಬಾತ್ ಬಂದಿತ್ತು. ಹುಡುಗ ಚೀಟಿ ಓದಿ, ಮಡಚಿ ಜೇಬಿಗಿಟ್ಟು, ಭಾವಗೀತೆ ಹಾಡಿ ಎದ್ದ. ಈಗ ಐಟಿ ಕಂಪನಿಯಲ್ಲಿದ್ದಾನೆ. ತಂಬೂರಿ ಆ್ಯಪ್ ಇನ್ನೂ ಮೊಬೈಲಿನಲ್ಲಿದೆಯಂತೆ, ತೆರೆಯಲ್ಲವಂತೆ.

ಕೇಳೋ ಮನಸ್ಸಿದ್ದವರಿಗೆ: ಮೊದಲು 'ಜಾಝ್ ಅಡ್ವಾನ್ಸ್', ಆಮೇಲೆ 'ಕಾಂಕಿಸ್ಟಡಾರ್', ಧೈರ್ಯ ಬಂದ ಮೇಲೆ 'ಸೈಲೆಂಟ್ ಟಂಗ್ಸ್'. ಅಡುಗೆ ಮಾಡ್ತಾ, ವಾಟ್ಸಾಪ್ ನೋಡ್ತಾ ಕೇಳಬೇಡಿ. ಸೌಂಡ್ ಸ್ವಲ್ಪ ಜಾಸ್ತಿಯೇ ಇಡಿ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೆ ನನ್ನ ಹೆಸರು ಹೇಳಿ.