ವಾರದ ಗೃಹಪಾಠವನ್ನು ಪರೀಕ್ಷೆಯ ದಾಸ್ಯದಿಂದ ಬಿಡಿಸಿರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ದೀಪಾವಳಿ ಕಳೆಯುವುದೇ ತಡ, ಹತ್ತನೆಯ ತರಗತಿಯ ಮಕ್ಕಳು ಮನೆಗೆ ಒಯ್ಯುವ ವಾರದ ಗೃಹಪಾಠವು ತನ್ನ ಸ್ವರೂಪವನ್ನೇ ಕಳೆದುಕೊಳ್ಳುತ್ತದೆ. ಪದ್ಯದ ಸ್ವಾರಸ್ಯವಾಗಲಿ, ಇತಿಹಾಸದ ಕಾರ್ಯಕಾರಣ ಸಂಬಂಧವಾಗಲಿ, ರಾಜ್ಯಾಡಳಿತದ ತಿಳಿವಳಿಕೆಯಾಗಲಿ ಅದರಲ್ಲಿ ಉಳಿಯುವುದಿಲ್ಲ. ಅವುಗಳ ಸ್ಥಾನವನ್ನು ‘ಪಾಸಿಂಗ್ ಪ್ಯಾಕೇಜ್’ ಎಂದು ಕರೆಯಲ್ಪಡುವ, ಉತ್ತೀರ್ಣತೆಗೆ ಸಾಲುವಷ್ಟೇ ಪ್ರಶ್ನೋತ್ತರಗಳ ಒಂದು ಕಟ್ಟು ಆಕ್ರಮಿಸುತ್ತದೆ. ಅದನ್ನು ಬರೆದು, ಉರುಹೊಡೆದು, ಒಪ್ಪಿಸಿ, ಪರೀಕ್ಷೆಯ ಮರುದಿನ ಮರೆಯುವುದೇ ವಿದ್ಯಾಭ್ಯಾಸವೆಂದು ನಾವೆಲ್ಲರೂ ಒಪ್ಪಿಕೊಂಡಂತಿದೆ. ಈ ಒಪ್ಪಿಗೆಯು ಗಡಿನಾಡಿನ ಮಕ್ಕಳಿಗೆ ನಾವು ಎಸಗುತ್ತಿರುವ ಅನ್ಯಾಯವೆಂಬುದೇ ನನ್ನ ವಾದ.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯು 2018ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಹಾಗೂ ಉತ್ತರ ಕನ್ನಡಗಳ ತರುವಾಯ ಮೂರನೆಯ ಸ್ಥಾನವನ್ನು ಪಡೆದಾಗ ನಾವು ಹಿಗ್ಗಿದುದು ಸಹಜವೇ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳ ಕಾವಲು ಬಂದೊಡನೆ ಇಡೀ ರಾಜ್ಯದ ಫಲಿತಾಂಶವು ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ ದೊರೆತ ಅಂಕಿ. 2025ರಲ್ಲಿ ಉತ್ತೀರ್ಣತೆಯ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸುವ ನಿರ್ಣಯವೂ ಹೊರಬಿದ್ದಿತು. ಕಲಿಕೆಯನ್ನು ಮೇಲೆತ್ತಲಾರದೆ ಮಿತಿಯನ್ನೇ ಕೆಳಗಿಳಿಸುವ ಈ ಮಾರ್ಗವು, ರೋಗಿಯ ಜ್ವರ ಇಳಿಯದಿದ್ದಾಗ ಉಷ್ಣಮಾಪಕದ ಗೆರೆಗಳನ್ನು ತಿದ್ದಿದಂತಲ್ಲದೆ ಬೇರೇನೂ ಅಲ್ಲ.

ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ಮಂಡಳಿಯ ಪರೀಕ್ಷೆ ಬೇಕೆ ಬೇಡವೆ ಎಂಬ ವಿವಾದವು 2024ರಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿ, ಏಪ್ರಿಲ್ ತಿಂಗಳಿನಲ್ಲಿ ಫಲಿತಾಂಶ ಪ್ರಕಟಣೆಗೆ ತಡೆ ಬಿದ್ದುದನ್ನು ವಾಚಕರು ಬಲ್ಲರು. ಅಷ್ಟೂ ದಿನ ಉಭಯ ಪಕ್ಷಗಳೂ ಪರೀಕ್ಷೆಯನ್ನು ಕುರಿತೇ ವಾದಿಸಿದುವು. ಪರೀಕ್ಷೆಯಿಲ್ಲದ ಉಳಿದ ದಿನಗಳಲ್ಲಿ ಆ ಬಾಲಕರು ಮನೆಯಲ್ಲಿ ಕುಳಿತು ಏನನ್ನು ಓದುತ್ತಾರೆ, ಏನನ್ನು ಬರೆಯುತ್ತಾರೆ ಎಂಬ ಪ್ರಶ್ನೆಯು ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಮನೆಯ ಕಲಿಕೆಯನ್ನು ವ್ಯವಸ್ಥೆಗೊಳಿಸುವುದು ನಮ್ಮ ರಾಜ್ಯಕ್ಕೆ ಅಪರಿಚಿತವಾದ ಕಾರ್ಯವಲ್ಲ. ಮಹಾಮಾರಿಯ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಆರಂಭವಾದ ‘ವಿದ್ಯಾಗಮ’ವು ಶಿಕ್ಷಕರನ್ನು ಮಕ್ಕಳಿದ್ದ ಕೇರಿಗೇ ಕಳುಹಿಸಿತು, ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳು ತರಗತಿಗಳಾದುವು. ಸೋಂಕಿನ ಭೀತಿಯಿಂದ ಅದೇ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಪುನರಾರಂಭಿಸಲಾಯಿತು. ಅದರ ದೋಷಗಳೇನೇ ಇರಲಿ, ಮನೆಯಲ್ಲಿರುವ ಮಗುವೂ ಶಾಲೆಯ ಹೊಣೆಯೆಂಬ ತತ್ತ್ವವನ್ನು ಅದು ಒಪ್ಪಿತ್ತು. ಶಾಲೆಗಳು ತೆರೆದ ಮೇಲೆ ಆ ತತ್ತ್ವವನ್ನು ನಾವು ಕೈಬಿಟ್ಟೆವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಶಾಲೆಗಳೇ ಪರಿಹಾರ ಕೇಂದ್ರಗಳಾಗುವ, ಕಬ್ಬಿನ ಕಟಾವಿನ ಹಂಗಾಮು ಬಂತೆಂದರೆ ಹಾಜರಿ ಕ್ಷೀಣಿಸುವ ಈ ಸೀಮೆಗೆ ಅದರ ಅವಶ್ಯಕತೆ ಉಳಿದೆಲ್ಲೆಡೆಗಿಂತ ಅಧಿಕವಾಗಿದ್ದಿತು.

ಯಥಾರ್ಥವಾದ ಗೃಹಪಾಠಕ್ಕೆ ಇಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದುದೇಕೆ? 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ಅದೇ ಊರಿನ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತುದೇಕೆ, ಅಲ್ಲಿ ಗುಂಡು ಹಾರಿದುದೇಕೆ? ಉತ್ತರಿಸಬಲ್ಲ ಹಿರಿಯರು ಇಂದಿಗೂ ಮಕ್ಕಳ ಮನೆಗಳಲ್ಲಿಯೇ ಇದ್ದಾರೆ. ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯವನ್ನು ರಚಿಸಿದರೆಂಬುದು ಅದೇ ಊರಿನ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಚರಿತೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಂದ ಬರುವವರ ಡೊಳ್ಳಿನ ಹಾಡು, ಅಜ್ಜಿಯ ಬೀಸುವ ಕಲ್ಲಿನ ಪದ, ಮೊಹರಮ್ಮಿನ ರಿವಾಯತು, ಇವೆಲ್ಲವೂ ಸಾಹಿತ್ಯದ ಪಾಠಗಳೇ. ಗಡಿವಿವಾದವನ್ನು ನಮ್ಮ ಮಕ್ಕಳು ಘೋಷಣೆಗಳಿಂದ ಮಾತ್ರ ಬಲ್ಲರು. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆ, ಇವನ್ನು ಕ್ರಮವಾಗಿ ಓದಿ ಒಂದು ಪುಟ ಬರೆದ ಬಾಲಕನು ರಾಜ್ಯಶಾಸ್ತ್ರವನ್ನೂ ಕಲಿತಾನು, ಕಲ್ಲೆಸೆಯುವ ಗುಂಪಿನಿಂದಲೂ ದೂರ ನಿಂತಾನು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಿಗೆ ಅಕ್ಷರವೇ ತಿಳಿಯದಿರುವಾಗ ಮನೆಯಲ್ಲಿ ಪಾಠ ನೋಡುವವರಾರು ಎಂದು ಕೇಳುತ್ತಾರೆ. ಆ ತಾಯಿ ಪಾಠವನ್ನು ತಿದ್ದಬೇಕಾದುದಿಲ್ಲ. ಸಾವಿರ ಬೀಡಿಗೆ ಸಿಗುವ ಮಜೂರಿಯನ್ನೂ ತನ್ನ ಬಾಲ್ಯವನ್ನೂ ಮಗಳಿಗೆ ಹೇಳಿದರೆ ಸಾಕು, ಬರೆಯುವವಳು ಮಗಳು. ಅನುತ್ತೀರ್ಣಳಾದ ಬಡ ಹುಡುಗಿಗೆ ಮದುವೆಯೋ ಹೊಲದ ಕೂಲಿಯೋ ಗತಿಯಾಗುವುದರಿಂದ ಪಾಸಾಗುವುದೇ ಮುಖ್ಯವೆನ್ನುವವರ ಆತಂಕವು ನ್ಯಾಯವಾದುದು. ಆದಕಾರಣವೇ ಪರೀಕ್ಷಾ ಸಿದ್ಧತೆಯನ್ನು ತೊಡೆದುಹಾಕಿರೆಂದು ನಾನು ಹೇಳುತ್ತಿಲ್ಲ. ತನ್ನ ವಾಕ್ಯವನ್ನು ತಾನೇ ಕಟ್ಟಬಲ್ಲ ಮಗುವು ಪ್ರಶ್ನೆ ಹೇಗೆ ತಿರುಗಿ ಬಂದರೂ ಎದುರಿಸೀತು. ಅನ್ಯರ ವಾಕ್ಯವನ್ನು ಕಂಠಪಾಠ ಮಾಡಿದ ಮಗುವು ಒಂದು ಪದ ತಪ್ಪಿದೊಡನೆ ಕಂಗೆಡುತ್ತದೆ. ಶಿಕ್ಷಕರ ಹೊರೆಯೂ ನಿಜವೇ. ಅದನ್ನು ಹಗುರಗೊಳಿಸುವ ಹೊಣೆ ಖಾಲಿ ಹುದ್ದೆಗಳನ್ನು ತುಂಬಬೇಕಾದ ಸರಕಾರದ್ದು.

ಆದುದರಿಂದ ಈ ಐದೂ ತಾಲ್ಲೂಕುಗಳಲ್ಲಿ, ತಿಂಗಳ ನಾಲ್ಕು ವಾರಗಳಲ್ಲಿ ಒಂದು ಸಾಹಿತ್ಯಕ್ಕೆ, ಒಂದು ಇತಿಹಾಸಕ್ಕೆ, ಒಂದು ರಾಜ್ಯಾಡಳಿತಕ್ಕೆ, ಒಂದು ಪರೀಕ್ಷಾಭ್ಯಾಸಕ್ಕೆ ಮೀಸಲಾಗತಕ್ಕದ್ದು. ಇಂದು ಬಹುಪಾಲು ಶಾಲೆಗಳಲ್ಲಿ ಹೆಸರಿಗಷ್ಟೇ ಇರುವ ಆಂತರಿಕ ಮೌಲ್ಯಮಾಪನದ ಅಂಕಗಳು ಅಂಗಡಿಯಿಂದ ತಂದ ಪ್ರಾಜೆಕ್ಟುಗಳಿಗೆ ಸಲ್ಲದೆ, ಮಗುವು ಸ್ವಹಸ್ತದಿಂದ ಬರೆದು ತರಗತಿಯಲ್ಲಿ ಎದ್ದು ನಿಂತು ಸಮರ್ಥಿಸಬಲ್ಲ ಈ ವಾರದ ಬರಹಗಳಿಗೆ ಸಲ್ಲಬೇಕು. ಮರಾಠಿ ಮಾಧ್ಯಮದ ಮಕ್ಕಳು ತಮ್ಮ ನುಡಿಯಲ್ಲಿಯೇ ಬರೆದು, ಅದರ ಸಾರಾಂಶವನ್ನು ಕನ್ನಡದಲ್ಲಿ ಹೇಳಲಿ. ಆ ಪುಸ್ತಕಗಳನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ತಂದೆ ತಾಯಂದಿರ ಮುಂದೆ ಗಟ್ಟಿಯಾಗಿ ಓದಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ಚಿಕ್ಕೋಡಿಯ ಶಿಕ್ಷಣಾಧಿಕಾರಿಗಳು ಮನಸ್ಸು ಮಾಡಿದರೆ ಬರುವ ಜೂನಿನಲ್ಲಿಯೇ ಆರಂಭಿಸಬಹುದು. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಸ್ಥಾನ ಎಷ್ಟನೆಯದೆಂದು ಪ್ರತಿ ವರ್ಷ ವಿಚಾರಿಸುವ ಪಾಲಕರೂ ಜನಪ್ರತಿನಿಧಿಗಳೂ, ಈ ವಾರ ಮಕ್ಕಳು ಸ್ವಂತವಾಗಿ ಏನು ಬರೆದರೆಂದು ಅಷ್ಟೇ ಆಗ್ರಹದಿಂದ ವಿಚಾರಿಸುವ ತನಕ, ಪರೀಕ್ಷೆಗಳನ್ನು ಎಷ್ಟು ಹೆಚ್ಚಿಸಿದರೂ ಎಷ್ಟು ಇಳಿಸಿದರೂ ಈ ಸೀಮೆಯ ವಿದ್ಯೆಯು ಉದ್ಧಾರವಾಗಲಾರದು.